ಸ್ಕಿಪ್ ನಿಂತಲ್ಲಿ ವಿಮರ್ಶೆ ಶುರು: ರೇಸು-ಪ್ರೇಮದ ವಿಷುವಲ್ ನಾವೆಲ್ ಒಂದನ್ನು ಅಳೆದ ಅನುಭವ

ಬೀದಿ ರೇಸು, ಪ್ರೇಮ, ಹದಿನೆಂಟು ದಾಟಿದವರಿಗೆ ಮಾತ್ರ ಅನ್ನುವ ಪಟ್ಟಿ, ಈ ಮೂರೂ ಸೇರಿದ, ಚಿತ್ರ ನೋಡಿ ಮಾತು ಓದಿ ಆಯ್ಕೆ ಮಾಡುತ್ತಾ ಹೋಗುವ ಆಟಕ್ಕೆ, ಅಂದರೆ ವಿಷುವಲ್ ನಾವೆಲ್‌ಗೆ ಕನ್ನಡದಲ್ಲಿ ವಿಮರ್ಶೆ ಬರೆಯುವುದೇ ದಂಡ ಅಂತ ಹೇಳಿದವರು ಮುಂಬೈ ಕಡೆಯ ಡೊಂಬಿವಲಿಯಿಂದ ಮಾಟುಂಗದವರೆಗೆ ಇದ್ದಾರೆ. ‘ಚಿತ್ರ ನೋಡ್ಲಿಕ್ಕೆ ಆಡ್ತಾರೆ ಮಾರಾಯ, ಕಥೆ ಯಾರಿಗೆ ಬೇಕು’ ಅನ್ನುವುದು ವಾದ. ವಿಮರ್ಶೆ ಹೊರಬಂದ ಮೇಲೆ ಅವರಲ್ಲೇ ಇಬ್ಬರು ಸೇವ್ ಫೈಲ್ ಕೇಳಿದರು. ಕೊಟ್ಟಿಲ್ಲ. ವಿಧಾನ ಮಾತ್ರ ಇಲ್ಲಿದೆ, ಅದೂ ಪೂರ್ತಿಯಲ್ಲ. ಆಟದ ಹೆಸರು ಬೇಡ. ರೆನ್‌ಪೈ ಎಂಬ ತಂತ್ರಾಂಶದಲ್ಲಿ ಕಟ್ಟಿದ, ಡಾಜ್ ಎಂಬ ತ್ರೀಡಿ ತಂತ್ರಾಂಶದಲ್ಲಿ ಮೂಡಿಸಿದ ಚಿತ್ರಗಳ (ರೆಂಡರ್), ಅಧ್ಯಾಯ ಅಧ್ಯಾಯವಾಗಿ ಬಿಡುಗಡೆಯಾಗುವ ಸರಕು ಅಂದರೆ ಬಲ್ಲವರಿಗೆ ಜಾತಿ ಗೊತ್ತಾಗುತ್ತದೆ.

ಇಂಥ ಆಟಕ್ಕೆ ಕೇಳಬೇಕಾದ ಪ್ರಶ್ನೆ ಒಂದೇ. ರೇಸಿನಲ್ಲಿ ಸೋತರೆ ಪ್ರೇಮದ ಲೆಕ್ಕದಲ್ಲಿ ಏನಾದರೂ ಬದಲಾಗುತ್ತದೆಯೇ? ಇಲ್ಲ ಅಂದರೆ ಕಾರು ಬರೀ ಅಲಂಕಾರ, ಅದಕ್ಕೆ ದುಡ್ಡು ಕೊಡಬೇಕಾಗಿಲ್ಲ. ಒಂದು ಸಲ ಆಡಿ ಮುಗಿಸಿದವನಿಗೆ ಈ ಉತ್ತರ ಸಿಗುವುದೇ ಇಲ್ಲ.

ಮೊದಲು ಕೈಕೊಟ್ಟ ದಾರಿಗಳು. ಪೂರ್ತಿ ಆಟವನ್ನು ಓಬಿಎಸ್‌ನಲ್ಲಿ ರೆಕಾರ್ಡ್ ಮಾಡಿಕೊಳ್ಳುವುದು: 6000 ಕೆಬಿಪಿಎಸ್ ಇಟ್ಟರೆ ಗಂಟೆಗೆ 2.7 ಜಿಬಿ, ಇಪ್ಪತ್ತು ಗಂಟೆಯ ಆಟಕ್ಕೆ 50 ಜಿಬಿ ಮೇಲೆ. ಲ್ಯಾಮಿಂಗ್ಟನ್ ರೋಡಿನಲ್ಲಿ ಎರಡು ಸಾವಿರದ ಚಿಲ್ಲರೆ ಕೊಟ್ಟು ತಂದ ಎಸ್‌ಎಸ್‌ಡಿ ಅದರಲ್ಲೇ ತುಂಬಿತು, ತಿರುಗಿ ನೋಡುವ ತಾಳ್ಮೆ ಮಾತ್ರ ಯಾರಿಗೂ ಬರಲಿಲ್ಲ. ಪ್ರತಿ ಆಯ್ಕೆಯನ್ನೂ ಎಕ್ಸೆಲ್‌ನಲ್ಲಿ ಬರೆಯುವುದು ಎರಡನೇ ಅಧ್ಯಾಯಕ್ಕೆ ಸತ್ತುಹೋಗುತ್ತದೆ. ಬೇರೆಯವರ ವಾಕ್‌ತ್ರೂ (ಎಲ್ಲಿ ಏನು ಆರಿಸಬೇಕೆಂಬ ಪಟ್ಟಿ) ಹಿಡಿದು ಆಡುವುದು ಎಲ್ಲಕ್ಕಿಂತ ಕೆಟ್ಟದ್ದು. ವಾಕ್‌ತ್ರೂ ಬರೆಯುವವನ ಗುರಿ ಹೆಚ್ಚು ದೃಶ್ಯ ತೆರೆಯುವುದು. ಸೋತ ದಾರಿ ಹೇಗಿದೆ ಅಂತ ಅದರಲ್ಲಿ ಇರುವುದೇ ಇಲ್ಲ, ವಿಮರ್ಶಕನಿಗೆ ಬೇಕಾದದ್ದು ಅದೇ.

ಕೆಲಸಕ್ಕೆ ಬಂದದ್ದು ಸ್ಕಿಪ್ ಬಟನ್, ಅಂದರೆ ಮಾತುಗಳನ್ನು ತಾನೇ ವೇಗವಾಗಿ ಓಡಿಸುವ ಗುಂಡಿ. ಪ್ರಿಫರೆನ್ಸ್‌ನಲ್ಲಿ ‘ಅನ್‌ಸೀನ್ ಟೆಕ್ಸ್ಟ್’ ಮತ್ತು ‘ಆಫ್ಟರ್ ಚಾಯ್ಸಸ್’ ಎರಡೂ ಆಫ್ ಇರಲಿ. ಮೊದಲ ಸುತ್ತು ಕುರುಡಾಗಿ, ಮನಸ್ಸಿಗೆ ತೋಚಿದ ಆಯ್ಕೆ, ಪ್ರತಿ ಮೆನುವಿನಲ್ಲಿ (ಆಯ್ಕೆಗಳ ಪಟ್ಟಿ) ಆರಿಸುವ ಮೊದಲು ಒಂದು ಸೇವ್. ಪುಟಕ್ಕೆ 6 ಸ್ಲಾಟ್, ಪುಟದ ಹೆಸರಿನ ಮೇಲೆ ಕ್ಲಿಕ್ ಮಾಡಿದರೆ ಅದನ್ನು ಬದಲಿಸಬಹುದು. ಅಧ್ಯಾಯ ಮತ್ತು ರೇಸಿನ ಸಂಖ್ಯೆ ಅಲ್ಲೇ ಬರೆದಿಡಿ. ಎರಡನೇ ಸುತ್ತಿನಲ್ಲಿ ಒಂದು ಸೇವ್ ತೆರೆದು, ಒಂದೇ ಒಂದು ಆಯ್ಕೆ ಬದಲಿಸಿ ಟ್ಯಾಬ್ ಒತ್ತಿ. ಮುಂದಿನ ಮೆನುಗಳಲ್ಲಿ ಹಳೆಯ ಆಯ್ಕೆಗಳೇ, ಪ್ರತಿ ಮೆನು ಆದ ಮೇಲೆ ಮತ್ತೆ ಟ್ಯಾಬ್. ಓದಿದ ಸಾಲುಗಳ ಮೇಲೆ ಆಟ ಓಡುತ್ತದೆ, ಓದದ ಸಾಲು ಬಂದ ಕೂಡಲೇ ನಿಲ್ಲುತ್ತದೆ. ಆಯ್ಕೆಯ ಬೆನ್ನಿಗೇ ಎರಡು ಸಾಲಿಗೆ ನಿಂತು, ಆಮೇಲೆ ಅಧ್ಯಾಯದ ಕೊನೆವರೆಗೂ ಎಲ್ಲೂ ನಿಲ್ಲದಿದ್ದರೆ ಆ ಆಯ್ಕೆ ಸುಳ್ಳು. ಎರಡು ಅಧ್ಯಾಯ ದಾಟಿ ಗಕ್ಕನೆ ನಿಂತರೆ, ಅಲ್ಲೇ ಬರಹಗಾರ ಎಚ್ಚರವಾಗಿದ್ದ ಅಂತ ಲೆಕ್ಕ.

ಈ ಆಟದಲ್ಲಿ ಮೆನುಗಳು 80ರ ಆಸುಪಾಸು. ದೂರಕ್ಕೆ ಹೋಗುವಂಥವು ಹನ್ನೊಂದೋ ಹನ್ನೆರಡೋ. ಉಳಿದದ್ದೆಲ್ಲ ‘ನಗು’, ‘ಸುಮ್ಮನಿರು’ ಥರದ ಅಲಂಕಾರ.

ಇದರಲ್ಲಿ ಮೋಸ ಹೋಗುವ ಜಾಗಗಳಿವೆ. ಒಂದೇ ಸಂಭಾಷಣೆಯನ್ನು ಎರಡು ಕವಲಿಗೂ ಕಾಪಿ ಮಾಡಿ ಅಂಟಿಸಿದ್ದರೆ ರೆನ್‌ಪೈಗೆ ಅವು ಬೇರೆ ಬೇರೆ ಸಾಲು, ಸ್ಕಿಪ್ ನಿಲ್ಲುತ್ತದೆ, ನೀವು ಹೊಸದು ಅಂದುಕೊಳ್ಳುತ್ತೀರಿ. ಓದಿ ಖಚಿತ ಮಾಡಿಕೊಳ್ಳಬೇಕು. ಓದಿದ ಸಾಲಿನ ದಾಖಲೆ ಇರುವುದು ಪರ್ಸಿಸ್ಟೆಂಟ್ ಫೈಲಿನಲ್ಲಿ, ಎಲ್ಲ ಸೇವ್‌ಗಳಿಗೂ ಅದು ಒಂದೇ. ಅದೇ ಲಾಗಿನ್‌ನಲ್ಲಿ ಇನ್ನೊಬ್ಬರು ಆಡಿದರೆ ಲೆಕ್ಕ ಕೆಟ್ಟಿತು. ಶುದ್ಧ ಮಾಡಲು ವಿಂಡೋಸ್‌ನ ಆಪ್‌ಡೇಟಾದೊಳಗಿನ ರೆನ್‌ಪೈ ಫೋಲ್ಡರಿನಿಂದ ಅಳಿಸಿದರೆ ಸಾಲದು. ಆಟದ ಗೇಮ್ ಫೋಲ್ಡರಿನ ಸೇವ್ಸ್‌ನಲ್ಲೂ ಒಂದು ಪ್ರತಿ ಇರುತ್ತದೆ, ರೆನ್‌ಪೈ ಎರಡನ್ನೂ ಕೂಡಿಸಿಕೊಳ್ಳುತ್ತದೆ. ಎರಡೂ ಕಡೆ ತೆಗೆಯಿರಿ, ಸ್ಟೀಮ್ ಕ್ಲೌಡ್ (ಸ್ಟೀಮ್ ಎಂಬ ಆಟದ ಅಂಗಡಿ ನೆಟ್‌ನಲ್ಲಿ ಇಡುವ ಸೇವ್ ಪ್ರತಿ) ಇದ್ದರೆ ಅದಕ್ಕೂ ಮೊದಲು ಆಫ್.

ಆರ್‌ಪಿಎ, ಅಂದರೆ ಆಟದ ಫೈಲುಗಳ ಕಟ್ಟು, ಒಡೆದು ಸ್ಕ್ರಿಪ್ಟ್ ಓದುವವರಿದ್ದಾರೆ. ಯಾವ ಆಯ್ಕೆಗೆ ಎಷ್ಟು ಪಾಯಿಂಟ್ ಅಂತ ಅದರಿಂದ ಬೇಗ ಸಿಗುತ್ತದೆ, ಆದರೆ ಪಾಯಿಂಟ್ ಕಂಡ ಮೇಲೆ ದೃಶ್ಯ ಓದುವ ಕಣ್ಣು ಕೆಡುತ್ತದೆ. ಎರಡು ಕವಲಿನ ಸೇವ್‌ಗಳನ್ನು ಕೋಡ್ ಮುಟ್ಟದೆ ಹೋಲಿಸುವ ಉಪಾಯವೊಂದು ನನ್ನ ಹತ್ತಿರ ಇದೆ. ಅದು ನನ್ನ ಹತ್ತಿರವೇ ಇರಲಿ.

ಇನ್ನು ರೇಸು. ಇಲ್ಲಿ ರೇಸೆಂದರೆ ಟೈಮರ್ ಪಟ್ಟಿ, ಮೂರು-ನಾಲ್ಕು ಸೆಕೆಂಡಿನಲ್ಲಿ ‘ಗೇರ್ ಬದಲಿಸು’ ಅಥವಾ ‘ಕಾಯಿ’. ಮೊದಲು ನೋಡಬೇಕಾದದ್ದು ರೋಲ್‌ಬ್ಯಾಕ್, ಅಂದರೆ ಆಟವನ್ನು ಹಿಂದಿನ ಸಾಲಿಗೆ ಮರಳಿಸುವ ಸೌಲಭ್ಯ. ಸೋತ ಕೂಡಲೇ ಮೌಸ್ ಚಕ್ರ ಮೇಲಕ್ಕೆ ತಿರುಗಿಸಿ. ಆಟ ಬಿಟ್ಟುಕೊಟ್ಟರೆ ಆ ರೇಸಿಗೆ ಪಣವೇ ಇಲ್ಲ. ಇದರಲ್ಲಿ ಮೊದಲೆರಡು ರೇಸಿಗೆ ಬಿಡುತ್ತದೆ, ಮೂರನೆಯದಕ್ಕೆ ತಡೆದಿದ್ದಾರೆ. ಮೂರನೆಯದು ಮುಖ್ಯ ಅಂತ ಅಲ್ಲೇ ಗುಟ್ಟು ಬಿಟ್ಟುಕೊಟ್ಟ ಹಾಗಾಯಿತು.

ಗೆಲುವು ದಾಳವೋ ಲೆಕ್ಕವೋ ಅನ್ನುವುದಕ್ಕೆ: ರೇಸಿಗೆ ಮೊದಲು ಸೇವ್ ಮಾಡಿ, ಅದೇ ಗುಂಡಿಗಳನ್ನು ಒತ್ತಿ ಹಲವು ಸಲ ಆಡಿ. ಫಲ ಬೇರೆ ಬೇರೆ ಬಂದರೆ ಪೈಥಾನ್‌ನ ಸಾಮಾನ್ಯ ರ್‍ಯಾಂಡಮ್ ಬಳಸಿದ್ದಾರೆ, ಅಂದರೆ ದಾಳ. ಒಂದೇ ಬಂದರೆ ಲೆಕ್ಕ ಅಂತ ತೀರ್ಪು ಕೊಡಬೇಡಿ. ರೆನ್‌ಪೈಯದೇ ಒಂದು ರ್‍ಯಾಂಡಮ್ ಇದೆ, ಹಿಂದಕ್ಕೆ ಹೋಗಿ ಬಂದರೂ ಅದೇ ಸಂಖ್ಯೆ ಕೊಡುತ್ತದೆ. ಹೊಸ ಆಟ ಶುರು ಮಾಡಿ ಅದೇ ಆಯ್ಕೆಗಳೊಂದಿಗೆ ಅಲ್ಲಿಗೆ ಬಂದಾಗಲೂ ಹಾಗೇ ಆದರೆ ಲೆಕ್ಕ ಅನ್ನಬಹುದು.

ಕಾರಿನ ತಿಳಿವಳಿಕೆ ಬೇರೆ ಪರೀಕ್ಷೆ. ಟ್ರೇಡ್‌ಮಾರ್ಕ್ ತಕರಾರಿಗೆ ಹೆದರಿ ಇಂಥ ಆಟಗಳಲ್ಲಿ ಲೋಗೋ ತೆಗೆದಿರುತ್ತಾರೆ, ಆದರೂ ಹಿಂದಿನ ನಾಲ್ಕು ದುಂಡು ದೀಪ ನೋಡಿದರೆ ಸ್ಕೈಲೈನ್ ಅಂತ ಮಕ್ಕಳಿಗೂ ಗೊತ್ತು. ಕಥಾನಾಯಕನದು ಆರ್34 ಜಿಟಿ-ಆರ್; ಆ ಗಾಡಿಗೆ ಆರು ಗೇರ್, ಇಲ್ಲಿ ‘ಐದನೇ, ಕೊನೆಯ ಗೇರಿಗೆ ಹಾಕಿದೆ’ ಅಂತ ಬರೆದಿದ್ದಾರೆ. ಎದುರಾಳಿಯ ಆರ್‌ಎಕ್ಸ್-7ಗೆ ಪಿಸ್ಟನ್ ಒಡೆಯುತ್ತದೆ. ಅದರಲ್ಲಿರುವುದು 13ಬಿ ರೋಟರಿ ಎಂಜಿನ್, ಪಿಸ್ಟನ್ನೇ ಇಲ್ಲ. ಹೋಗುವುದಿದ್ದರೆ ರೋಟರಿನ ತುದಿಯ ಏಪೆಕ್ಸ್ ಸೀಲ್ ಹೋಗಬೇಕು. ಟರ್ಬೊ ಇಲ್ಲದ ಸಿವಿಕ್‌ಗೆ ಟರ್ಬೊದ ಹೆಚ್ಚಿನ ಗಾಳಿ ಹೊರಬಿಡುವ ಬ್ಲೋ-ಆಫ್ ವಾಲ್ವಿನ ‘ಪ್‌ಶ್ಶ್’ ಸದ್ದು ಹಾಕಿದ್ದಾರೆ. ಕ್ವಾರ್ಟರ್ ಮೈಲು ಅಂದರೆ 402 ಮೀಟರ್, ಅಷ್ಟರೊಳಗೆ ಇಬ್ಬರೂ ನಾಲ್ಕು ಪುಟ ಮಾತಾಡುತ್ತಾರೆ. ಕೊನೆಯದನ್ನು ಕ್ಷಮಿಸಬಹುದು, ವಿಷುವಲ್ ನಾವೆಲ್‌ನಲ್ಲಿ ಕಾಲ ಹಾಗೇ ಹಿಗ್ಗುತ್ತದೆ.

ರೆಂಡರ್‌ನಲ್ಲಿ ಮೂರು ಜಾಗ ನೋಡಿ. ಹಿನ್ನೆಲೆ ಎಲ್ಲ ಮಸುಕಾಗಿ ಓಡುತ್ತಿರುವಾಗ ಚಕ್ರದ ಅಲಾಯ್ ಕಡ್ಡಿಗಳು ಎಣಿಸುವಷ್ಟು ಸ್ಪಷ್ಟ ಇವೆಯೇ. ಟೈರು ರಸ್ತೆಗೆ ತಾಗಿದೆಯೇ, ಕೆಳಗೆ ಕೂದಲೆಳೆಯಷ್ಟು ಬೆಳಕು ಕಾಣುತ್ತದೆಯೇ. ಚಿತ್ರವನ್ನು ಕನ್ನಡಿಯಂತೆ ತಿರುಗಿಸಿ ಬಳಸಿದ್ದಾರೆಯೇ. ಮೂರನೆಯದಕ್ಕೆ ಸ್ಟೀರಿಂಗ್ ಯಾವ ಬದಿಗಿದೆ ಅಂತ ನೋಡಿದರೆ ಸಾಕು. ಜಪಾನಿನ ಗಾಡಿ ಬಲಗೈಯದ್ದು, ಇದರಲ್ಲಿ ಒಂದೇ ರಾತ್ರಿಯಲ್ಲಿ ಎರಡು ಸಲ ಎಡಕ್ಕೆ ಹೋಗಿ ಬರುತ್ತದೆ.

ಆದರೂ ಒಳ್ಳೆಯ ಅಂಕ ಕೊಟ್ಟದ್ದು ಒಂದು ದೃಶ್ಯಕ್ಕಾಗಿ. ನಾಯಕಿ ಮೆಕ್ಯಾನಿಕ್. ನೈಟ್ರಸ್ ಹಾಕಿದ ಎಂಜಿನ್ನಿನ ಸ್ಪಾರ್ಕ್ ಪ್ಲಗ್ ಬಿಚ್ಚಿ, ಅಂಗೈ ಮೇಲಿಟ್ಟು, ಟಾರ್ಚ್ ಹಿಡಿದು ನಾಯಕನಿಗೆ ತೋರಿಸುತ್ತಾಳೆ. ತುದಿಯ ಪಿಂಗಾಣಿ ಬೆಳ್ಳಗಾಗಿ ಸಣ್ಣ ಗುಳ್ಳೆ ಎದ್ದಿದೆ. ಅಂದರೆ ಪೆಟ್ರೋಲ್ ಸಾಲುತ್ತಿಲ್ಲ, ಲೀನ್ ಓಡುತ್ತಿದೆ. ನೈಟ್ರಸ್ ತಾನಾಗಿ ಉರಿಯುವುದಿಲ್ಲ, ಆಮ್ಲಜನಕ ಹೆಚ್ಚು ಕೊಡುತ್ತದೆ ಅಷ್ಟೇ. ಅದಕ್ಕೆ ತಕ್ಕ ಇಂಧನ ಸಿಗದಿದ್ದರೆ ಪಿಸ್ಟನ್ನಿಗೆ ತೂತು. ಅವಳು ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಮೆನುವಿನಲ್ಲಿ ಎರಡೇ ಸಾಲು: ‘ಜೆಟ್ (ಇಂಧನ ಅಳೆದು ಬಿಡುವ ಸಣ್ಣ ರಂಧ್ರ) ಬದಲಿಸು’, ‘ನಾಳೆ ನೋಡೋಣ’. ಎರಡನೆಯದು ಆರಿಸಿ ಟ್ಯಾಬ್ ಒತ್ತಿದರೆ ಒಂದು ಅಧ್ಯಾಯ ಪೂರ್ತಿ ಓಡಿ, ಮೂರನೇ ರೇಸಿನ ನಡುವೆ ನಿಲ್ಲುತ್ತದೆ. ಎಂಜಿನ್ ಹೋಗುತ್ತದೆ, ಅವಳು ಗ್ಯಾರೇಜಿನ ಬೀಗದ ಕೈ ತಿರುಗಿ ಕೇಳುತ್ತಾಳೆ. ರೇಸೂ ಪ್ರೇಮವೂ ಒಂದೇ ಖಾತೆಗೆ ಬಿದ್ದದ್ದು ಇಡೀ ಆಟದಲ್ಲಿ ಇಲ್ಲಿ ಮಾತ್ರ. ವಾಕ್‌ತ್ರೂ ಹಿಡಿದು ಆಡಿದವರಿಗೆ ಈ ಜಗಳ ಇರುವುದೇ ಗೊತ್ತಿಲ್ಲ.

ಶಯ್ಯೆಯ ದೃಶ್ಯಗಳಿಗೂ ಸ್ಕಿಪ್ ಪರೀಕ್ಷೆಯೇ. ದೃಶ್ಯ ತೆರೆದ ಕವಲು, ತೆರೆಯದ ಕವಲು ಎರಡರಲ್ಲೂ ಮರುದಿನ ಬೆಳಗಿನ ಮಾತು ಒಂದೇ ಆಗಿದ್ದರೆ ಆ ದೃಶ್ಯ ಕಥೆಯೊಳಗೆ ಇಲ್ಲ, ಬಹುಮಾನವಾಗಿ ಅಂಟಿಸಿದ್ದು. ಇಲ್ಲಿ ಐದಾರರಲ್ಲಿ ಎರಡಕ್ಕೆ ಮಾತ್ರ ಬೆಳಗು ಬದಲಾಗುತ್ತದೆ. ಬೇಡ ಅನ್ನುವ ಆಯ್ಕೆ ಇದೆಯೇ, ಅದನ್ನು ಆರಿಸಿದವನಿಗೆ ಆಟ ದಂಡ ಹಾಕುತ್ತದೆಯೇ ಅನ್ನುವುದನ್ನೂ ಬರೆಯಿರಿ. ಪಾತ್ರಗಳೆಲ್ಲ ವಯಸ್ಕರು ಅಂತ ಕಥೆಯೊಳಗೇ ಸ್ಪಷ್ಟವಿಲ್ಲದ ಆಟವನ್ನು ನಾನು ವಿಮರ್ಶೆಗೆ ಎತ್ತಿಕೊಳ್ಳುವುದೇ ಇಲ್ಲ.

ಬದಿಯ ಒಂದು ಪ್ರಯೋಗ. ಡೊಂಬಿವಲಿ ಫಾಸ್ಟ್ ಲೋಕಲ್ ರೈಲಿನಲ್ಲಿ ನಿಂತು ಇಂಥ ಆಟ ತೆರೆಯಲಾಗದು, ಭುಜದ ಮೇಲಿಂದ ನಾಲ್ಕು ಜನ ಓದುತ್ತಾರೆ. ಎಚ್ ಕೀ ಒತ್ತಿದರೆ ಮರೆಯಾಗುವುದು ಮಾತಿನ ಪೆಟ್ಟಿಗೆ, ಚಿತ್ರವಲ್ಲ, ಬೇಕಾದದ್ದಕ್ಕೆ ತಿರುಗುಮುರುಗು! ಹಾಗಾಗಿ ಮನೆಯಲ್ಲಿ ವಿ ಕೀ ಒತ್ತಿ, ಸಾಲುಗಳನ್ನು ಯಂತ್ರವೇ ಓದುವ ಸೆಲ್ಫ್-ವಾಯ್ಸಿಂಗ್ ಧ್ವನಿಯನ್ನು ಧ್ವನಿಮುದ್ರಿಸಿಕೊಂಡು, ಲೋಕಲ್‌ನಲ್ಲಿ ಬರೀ ಕಿವಿಯಿಂದ ಕೇಳಿದೆ. ಚಿತ್ರ ಹೋದ ಮೇಲೆ ಬರಹದ ತೂಕ ಗೊತ್ತಾಗುತ್ತದೆ. ಗ್ಯಾರೇಜಿನ ಮಾತುಗಳು ನಿಂತವು, ಎದುರಾಳಿ ನಾಯಕಿಯ ಅರ್ಧ ಸಂಭಾಷಣೆ ಬಿದ್ದುಹೋಯಿತು. ಖಾಲಿ ಪ್ರಾಜೆಕ್ಟ್ ಒಂದರಲ್ಲಿ ನಾಲ್ಕು ದೃಶ್ಯ ಕನ್ನಡದಲ್ಲಿ ಹಾಕಿಯೂ ನೋಡಿದ್ದಾಯಿತು: ಹಳೆಯ ರೆನ್‌ಪೈಯಲ್ಲಿ ಒತ್ತಕ್ಷರ ಚೆದುರುತ್ತವೆ, ಅಕ್ಷರ ಜೋಡಿಸುವ ಹಾರ್ಫ್‌ಬಝ್ ಸೇರಿದ ಹೊಸ ಆವೃತ್ತಿಯಲ್ಲಿ ಕನ್ನಡ ಫಾಂಟ್ ಕೊಟ್ಟರೆ ಸರಿಯಾಗಿ ಕೂರುತ್ತವೆ.

ದುಡ್ಡಿನ ವಿಷಯ. ಸ್ಟೀಮ್‌ನಲ್ಲಿ ಇಂಥವು ಮುನ್ನೂರರಿಂದ ಏಳುನೂರು ರೂಪಾಯಿ. ಕೊಂಡ 14 ದಿನದೊಳಗೆ, ಆಡಿದ್ದು 2 ಗಂಟೆಗಿಂತ ಕಡಿಮೆ ಇದ್ದರೆ ಮರುಪಾವತಿ. ಆದರೆ ಎರಡು ಗಂಟೆಗೆ ಮೊದಲ ರೇಸೂ ಬರುವುದಿಲ್ಲ, ಮೆನು ತೆರೆದಿಟ್ಟು ಚಹಾಕ್ಕೆ ಹೋದರೂ ಗಡಿಯಾರ ಓಡುತ್ತದೆ. ತಯಾರಕರಿಗೆ ತಿಂಗಳು ತಿಂಗಳು ಹಣ ಕಟ್ಟುವ ಪೇಟ್ರಿಯಾನ್‌ನಲ್ಲಿ 5 ಡಾಲರ್ ಅಂದರೆ ಮೇಲೆ ಕಾರ್ಡಿನ ಮಾರ್ಕಪ್ಪೂ ಸೇರುತ್ತದೆ. 2021ರ ಅಕ್ಟೋಬರ್‌ನಿಂದ ರಿಸರ್ವ್ ಬ್ಯಾಂಕಿನ ಇ-ಮ್ಯಾಂಡೇಟ್ ನಿಯಮ ಬಂದ ಮೇಲೆ ವಿದೇಶಿ ಮಾಸಿಕ ಪಾವತಿ ನಡುವೆ ಕೈಕೊಡುವುದುಂಟು. ಅಧ್ಯಾಯ ಬರುವುದು ನಾಲ್ಕಾರು ತಿಂಗಳಿಗೊಮ್ಮೆ. ಬಂದ ತಿಂಗಳು ಒಂದೇ ಸಲ ಕಟ್ಟಿ ಬಿಡಿಸಿಕೊಳ್ಳಿ. ಇನ್‌ಸ್ಟಾಲರ್ ನಿಮ್ಮ ಡಿಸ್ಕಿನಲ್ಲೇ ಇರಲಿ. 2025ರ ಜುಲೈಯಲ್ಲಿ ಪಾವತಿ ಕಂಪನಿಗಳ ಒತ್ತಡಕ್ಕೆ ಇಚ್.ಐಒ ಎಂಬ ಆಟ ಮಾರುವ ತಾಣ ತನ್ನ ಹುಡುಕಾಟದಿಂದ ವಯಸ್ಕರ ಆಟಗಳನ್ನೆಲ್ಲ ಮರೆಮಾಡಿತು, ಹೆಸರು ಗೊತ್ತಿದ್ದೂ ಹುಡುಕಿದವರಿಗೆ ಸಿಗದೆ ಹೋಯಿತು.

ಸ್ಕ್ರೀನ್‌ಶಾಟ್ ಹಾಕುವಾಗ ಗ್ಯಾರೇಜು, ಕಾರು, ಮುಖ, ಅಷ್ಟೇ. ಐಟಿ ಕಾಯ್ದೆಯ 67 ಮತ್ತು 67ಎ ಕಲಮುಗಳು ಪ್ರಕಟಿಸಿದವನನ್ನೂ ಹಿಡಿಯುತ್ತವೆ, ‘ವಿಮರ್ಶೆಗಾಗಿ’ ಅಂದರೆ ನಡೆಯುತ್ತದೆ ಅಂದುಕೊಳ್ಳಬೇಡಿ. ಅಂದಹಾಗೆ ಆಟದಲ್ಲಿ ಪೊಲೀಸರೇ ಬರುವುದಿಲ್ಲ. ನಮ್ಮ ನವಿ ಮುಂಬೈಯ ಪಾಮ್ ಬೀಚ್ ರೋಡಿನಲ್ಲಿ ಅದೇ ಕೆಲಸಕ್ಕೆ ಮೋಟಾರು ವಾಹನ ಕಾಯ್ದೆಯ 189ನೇ ಕಲಮಿನಡಿ ಮೊದಲ ಸಲಕ್ಕೆ 5000 ರೂಪಾಯಿವರೆಗೆ ದಂಡ, ಇಲ್ಲವೇ ಮೂರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ.

ಮುಂದಿನ ಅಧ್ಯಾಯ ಬಂದಾಗ ಹೊಸ ಆವೃತ್ತಿ ತೆರೆಯುವ ಮುಂಚೆ ಎರಡೂ ಸೇವ್ ಫೋಲ್ಡರ್ ನಕಲು ಮಾಡಿಡಿ. ತಯಾರಕರು ಹಳೆಯ ಆರ್‌ಪಿವೈಸಿ (ರೆನ್‌ಪೈ ಕಂಪೈಲ್ ಮಾಡಿಟ್ಟ ಸ್ಕ್ರಿಪ್ಟ್ ಫೈಲು) ಕಳೆದುಕೊಂಡು ಹೊಸದಾಗಿ ಬಿಲ್ಡ್ ಮಾಡಿದ್ದರೆ ಓದಿದ ಸಾಲುಗಳೆಲ್ಲ ಓದದವಾಗುತ್ತವೆ, ಸ್ಕಿಪ್ ಹೆಜ್ಜೆಹೆಜ್ಜೆಗೂ ನಿಲ್ಲುತ್ತದೆ. ಹಾಗಾದರೆ ಕುರುಡು ಸುತ್ತು ಮೊದಲಿಂದ. ಇಲ್ಲದಿದ್ದರೆ ಪ್ಲಗ್ ದೃಶ್ಯದ ನಂತರದ, ಕವಲಿಗೊಂದರಂತೆ ಎರಡು ಸೇವ್ ಇಟ್ಟುಕೊಂಡರೆ ಸಾಕು, ಉಳಿದದ್ದು ಅಳಿಸಿ.