ಯಾವ ಮ್ಯಾಜಿಸ್ಟ್ರೇಟರಿಗೆ ಅರ್ಜಿ?

ಕುಮಟಾದಲ್ಲಿ ಅರ್ಜಿ ಬರೆಯುತ್ತ ಕೂತು ಇಪ್ಪತ್ತು ವರ್ಷ ದಾಟಿತು. ‘ಮ್ಯಾಜಿಸ್ಟ್ರೇಟರಿಗೆ ಒಂದು ಅರ್ಜಿ ಬರ್ಕೊಡಿ’ ಅಂತ ಬಂದವರನ್ನು ಮೊದಲು ಕೇಳುತ್ತೇನೆ: ಕೋರ್ಟಿಗೋ, ಕಚೇರಿಗೋ?

ಕೋರ್ಟಿನಲ್ಲಿ ಕೂರುವವರು ನ್ಯಾಯಿಕ ಮ್ಯಾಜಿಸ್ಟ್ರೇಟರು, ಹೈಕೋರ್ಟಿನ ಅಧೀನದವರು. ಕಚೇರಿಯವರು ಕಂದಾಯ ಇಲಾಖೆಯವರು: ತಹಶೀಲ್ದಾರರು (ಹಳಬರಿಗೆ ಇನ್ನೂ ಮಾಮಲೇದಾರರೇ), ಅವರ ಮೇಲೆ ಎ.ಸಿ. (ಉಪವಿಭಾಗಾಧಿಕಾರಿ), ಕಾರವಾರದಲ್ಲಿ ಡಿ.ಸಿ. (ಜಿಲ್ಲಾಧಿಕಾರಿ). ಇವರೂ ಮ್ಯಾಜಿಸ್ಟ್ರೇಟರೇ, ಬೋರ್ಡಿನಲ್ಲಿ ಕನ್ನಡದಲ್ಲಿ ‘ದಂಡಾಧಿಕಾರಿ’ ಎಂದಿರುತ್ತದೆ. ಇಂಗ್ಲಿಷಿನ ಹೆಸರು ಮಾತ್ರ ಲ್ಯಾಟಿನ್ನಿನ ‘ಮಾಜಿಸ್ತರ್’ನಿಂದ ಬಂದದ್ದು, ಒಡೆಯ, ಕಲಿಸುವವ ಎಂದರ್ಥ. ನಮ್ಮ ಶಾಲೆ ಮಾಸ್ತರರಿಗೂ ಬೇರು ಅದೇ. ನಮ್ಮ ಕಾಲದ ಮಾಸ್ತರರ ಕೈಯಲ್ಲಿ ದಂಡವೂ ಇರುತ್ತಿತ್ತು, ಬಿಡಿ.

ಹೆಂಡತಿ-ಮಕ್ಕಳ ಜೀವನಾಂಶಕ್ಕೆ ಕೋರ್ಟು. ಠಾಣೆಯಲ್ಲಿ ದೂರು ತೆಗೆದುಕೊಳ್ಳದಿದ್ದರೂ ಕೋರ್ಟೇ, ಆದರೆ ಮೊದಲು ಎಸ್.ಪಿ.ಯವರಿಗೆ ಅಂಚೆಯಲ್ಲಿ ದೂರು ಕಳಿಸಿ, ರಸೀದಿ ಜೋಪಾನ ಮಾಡಿ. ಅದಿಲ್ಲದೆ ಹೋದರೆ ವಾಪಸ್ ಬರುತ್ತೀರಿ. ಕೋರ್ಟಿನ ಅರ್ಜಿಗೆ ಅಫಿಡವಿಟ್ ಬೇಕು. ತೋಟದ ಕಬ್ಜಾ (ಸ್ವಾಧೀನ) ವಿಷಯಕ್ಕೆ ಹೊಡೆದಾಟವಾಗುವ ಹಾಗಿದ್ದರೆ ಕಚೇರಿ. ಅಲ್ಲಿ ನೋಡುವುದು ಕಬ್ಜಾ ಯಾರದಿತ್ತು ಅಂತ ಅಷ್ಟೇ. ಜಾಗ ಯಾರದ್ದು ಎಂಬುದಕ್ಕೆ ಸಿವಿಲ್ ಕೋರ್ಟು ಬೇರೆ. ಇದನ್ನು ಎಷ್ಟು ಹೇಳಿದರೂ ಜನ ಮೂರು ತಲೆಮಾರಿನ ಪಹಣಿ ಹೊತ್ತು ತರುತ್ತಾರೆ.

ಹೆಚ್ಚು ಜನ ಎಡವುವುದು ಜನನ ದಾಖಲೆಯಲ್ಲಿ, ನಾನೂ ಎಡವಿದೆ. ಹುಟ್ಟಿ ವರ್ಷ ದಾಟಿದ ಮೇಲೆ ನೋಂದಣಿಗೆ ಮೊದಲೆಲ್ಲ ಕೋರ್ಟಿನ ಆದೇಶ ಬೇಕಿತ್ತು. 2023ರ ಅಕ್ಟೋಬರ್ 1ರಿಂದ ಕಾನೂನು ಬದಲಾಗಿ ಅದು ಡಿ.ಸಿ., ಎ.ಸಿ. ಅಥವಾ ಡಿ.ಸಿ. ಅಧಿಕಾರ ಕೊಟ್ಟ ತಹಶೀಲ್ದಾರರ ಕೈಗೆ ಬಂತು. ಅದಾಗಿ ಒಂದೆರಡು ತಿಂಗಳಿಗೆ ಒಬ್ಬಳು ಅಜ್ಜಿ ಬಂದಾಗ ನಾನು ಹಳೇ ನಮೂನೆಯಲ್ಲೇ, ಕೋರ್ಟಿಗೆ ಅಂತ ಟೈಪ್ ಮಾಡಿಕೊಟ್ಟೆ. ಮಧ್ಯಾಹ್ನ ಅದೇ ಕಾಗದ ಎಲೆ ಸಂಚಿಯಿಂದ ಹೊರಬಂತು, ಮೂಲೆಗೆ ಸುಣ್ಣ ಹತ್ತಿತ್ತು. ‘ತಮಾ, ಇದು ಅಲ್ಲಲ್ವಂತೆ.’

ಎರಡನೇ ಸಲ ಸರಿಯಾಗಿ ಕೇಳಿದೆ. ವಾಸ ಕುಮಟಾ, ಹುಟ್ಟಿದ್ದು ಸಿದ್ದಾಪುರದ ಕಡೆ. ಹುಟ್ಟಿದ ಜಾಗ ಯಾರ ವ್ಯಾಪ್ತಿಯೋ ಅವರಿಗೇ ಅರ್ಜಿ, ಅಂದರೆ ಶಿರಸಿ ಎ.ಸಿ.ಗೆ. ಜೊತೆಗೆ ‘ಜನನ ದಾಖಲಾಗಿಲ್ಲ’ ಎಂಬ ಪತ್ರ ಹುಟ್ಟಿದ ಊರಿನ ಕಡೆಯಿಂದಲೇ ತರಿಸಿಕೊಳ್ಳಬೇಕು. ಶಾಲೆ ದಾಖಲೆ ಇದ್ದರೆ ಲಗತ್ತಿಸಬೇಕು. ಅಜ್ಜಿ ಶಾಲೆ ಮೆಟ್ಟಿಲೇ ಹತ್ತಿದವಳಲ್ಲ. ಆಧಾರ್, ರೇಶನ್ ಕಾರ್ಡು ಹಾಕಿ ಬರೆದೆ.

ಆ ಅರ್ಜಿಗೆ ದುಡ್ಡು ತೆಗೆದುಕೊಳ್ಳಲಿಲ್ಲ. ಅಜ್ಜಿ ಒಂದು ಎಲೆ-ಅಡಿಕೆ ಕವಳ ಕಟ್ಟಿಕೊಟ್ಟು ಶಿರಸಿ ಬಸ್ಸು ಎಷ್ಟೊತ್ತಿಗೆ ಅಂತ ಕೇಳಿದಳು.