ಎರಡು ಸೂಜಿ, ಒಂದೇ ದಾರ

ನಾನು ಮಾಡಿದ ಮೊದಲ ಚರ್ಮದ ಪಾಕೀಟು ಮೂರು ತಿಂಗಳೂ ಬಾಳಲಿಲ್ಲ. ಅವ್ವ ರವಿಕೆ ಹೊಲಿಯುವ ಮಶೀನಿನಲ್ಲೇ ಅದನ್ನು ಹೊಲಿದಿದ್ದೆ. ಮೊದಲು 16ನೇ ನಂಬರಿನ ಮಾಮೂಲಿ ಸೂಜಿ ಹಾಕಿದೆ. ಎರಡನೇ ಮೂಲೆಗೆ ಬರುವಷ್ಟರಲ್ಲಿ ಪಟ್ ಅಂತ ಮುರಿದು ಅದರ ತುದಿ ಕನ್ನಡಕಕ್ಕೆ ಬಡಿಯಿತು. ಆಮೇಲೆ ಚರ್ಮಕ್ಕೆಂದೇ ಸಿಗುವ, ತುದಿ ಚಾಕುವಿನಂತಿರುವ 18ರ ಸೂಜಿ ತಂದೆ. ಹೊಲಿಗೆ ಏನೋ ಬಿತ್ತು. ಆದರೆ ಕೆಳಗಿನ ಹಲ್ಲುಗಳು ಅಡಿಯ ಪದರವನ್ನು ಮುಂದೆ ತಳ್ಳುತ್ತಿದ್ದವು, ಮೇಲಿನ ಪದರ ಮಶೀನಿನ ಒತ್ತಿ ಹಿಡಿಯುವ ಪಾದದಡಿ ಸಿಕ್ಕಿಕೊಂಡು ಹಿಂದೆ ಉಳಿಯುತ್ತಿತ್ತು. ಕೊನೆಗೆ ಬಂದಾಗ ಒಂದಕ್ಕಿಂತ ಇನ್ನೊಂದು ಅರ್ಧ ಸೆಂಟಿಮೀಟರ್ ಉದ್ದ! ಕತ್ತರಿಸಿ ಸಮ ಮಾಡಿದೆ. ಯಾರಿಗೂ ಹೇಳಲಿಲ್ಲ.

ಮೂರನೇ ತಿಂಗಳಲ್ಲಿ ಒಂದು ಮೂಲೆಯ ದಾರ ಸವೆದು ತುಂಡಾಯಿತು. ಅದರ ಬೆನ್ನಿಗೇ ಐದಾರು ಹೊಲಿಗೆ ಸರಸರನೆ ಬಿಚ್ಚಿಕೊಂಡವು. ಹುಬ್ಬಳ್ಳಿಯಲ್ಲಿ ನಮ್ಮ ಓಣಿಯ ತಿರುವಿನಲ್ಲಿ ಕೊಡೆಯ ಕೆಳಗೆ ಕೂತು ಚಪ್ಪಲಿ ಹೊಲಿಯುವ ಕಾಕಾ ಒಬ್ಬರಿದ್ದಾರೆ. ಅವರ ಹತ್ತಿರ ಒಯ್ದೆ. ಪಾಕೀಟನ್ನು ತಿರುಗಿಸಿ ನೋಡಿ, "ಮಶೀನ್ ಹೊಲಿಗಿ ಐತ್ರಿ ಇದು. ಒಂದು ಕಡೆ ಹರೀತಂದ್ರ ಹಂಗ ಬಿಚ್ಕೋತ ಹೋಗತೈತಿ" ಅಂದರು.

ವಿಷಯ ಇಷ್ಟೇ. ಮಶೀನಿನಲ್ಲಿ ಮೇಲೊಂದು ದಾರ, ಕೆಳಗೊಂದು ದಾರ. ಎರಡೂ ಚರ್ಮದ ನಡುವೆ ಒಂದನ್ನೊಂದು ಕೊಕ್ಕೆ ಹಾಕಿ ಹಿಡಿದಿರುತ್ತವೆ. ಒಂದು ಕಡಿದರೆ ಇನ್ನೊಂದಕ್ಕೆ ಹಿಡಿತವಿಲ್ಲ. ಕೈ ಹೊಲಿಗೆಯಲ್ಲಿ ಹಾಗಲ್ಲ. ಒಂದೇ ದಾರ, ಎರಡೂ ತುದಿಗೆ ಒಂದೊಂದು ಸೂಜಿ. ಪ್ರತಿ ತೂತಿನಲ್ಲೂ ಎರಡು ಸೂಜಿಗಳು ಎದುರುಬದುರಾಗಿ ದಾಟುತ್ತವೆ. ಹೊರಗೆ ಒಂದು ಹೊಲಿಗೆ ಸವೆದರೂ ಹಿಂದಿನ ಹೊಲಿಗೆ ಹಿಡಿದುಕೊಂಡೇ ಇರುತ್ತದೆ. ಕುದುರೆಯ ಜೀನು ಹೊಲಿಯಲು ಬಳಸುತ್ತಿದ್ದುದರಿಂದ ಇದಕ್ಕೆ ಸ್ಯಾಡಲ್ ಸ್ಟಿಚ್ ಅನ್ನುತ್ತಾರೆ. ಕಾಕಾ ದಿನಾ ಬಳಸುವುದು ಇದನ್ನಲ್ಲ. ಅವರದು ತುದಿಯಲ್ಲಿ ಕಚ್ಚು ಇರುವ ಆರಿ. ಚುಚ್ಚಿ, ಕೆಳಗಿನಿಂದ ದಾರ ಎಳೆದು, ಆ ಕುಣಿಕೆಯಲ್ಲಿ ಇನ್ನೊಂದು ತುದಿ ತೂರಿಸಿ ಬಿಗಿದುಬಿಡುತ್ತಾರೆ. ರಿಪೇರಿಗೆ ಅದೇ ಬೇಗ. ಎರಡು ಸೂಜಿಯ ಹೊಲಿಗೆ ಅವರ ಅಪ್ಪ ಟಾಂಗಾ ಕುದುರೆಯ ಪಟ್ಟಿಗಳಿಗೆ ಹಾಕುತ್ತಿದ್ದರಂತೆ. ಟಾಂಗಾ ಹೋದವು, ಆ ಕೆಲಸವೂ ಹೋಯಿತು. ಆದರೆ ಕಾಕಾನ ಕೈ ಮರೆತಿರಲಿಲ್ಲ.

ಅಷ್ಟರಲ್ಲಾಗಲೇ ನಾನು ಆನ್‌ಲೈನ್‌ನಲ್ಲಿ ಅರವತ್ತು ಸಾಮಾನಿನ ಒಂದು ಸೆಟ್ ತರಿಸಿಬಿಟ್ಟಿದ್ದೆ. ಹೊಸಬರು ಎಲ್ಲರೂ ಮಾಡುವ ತಪ್ಪು. ಅದರಲ್ಲಿ ಇವತ್ತಿಗೂ ಬಳಸುವುದು ಎರಡನ್ನೇ: ಅಂಚಿನ ಮೂಲೆ ಕೆತ್ತುವ ಬೆವೆಲರ್ ಮತ್ತು ಅಂಚು ಉಜ್ಜುವ ಮರದ ತುಂಡು. ಮಿಕ್ಕದ್ದು ಒಂದು ಬಿಸ್ಕತ್ತಿನ ಡಬ್ಬಿಯಲ್ಲಿದೆ. ಆಮೇಲೆ ಬಿಡಿಬಿಡಿಯಾಗಿ ಕೊಂಡದ್ದೇ ಕೆಲಸಕ್ಕೆ ಬಂತು. ತೂತು ಹೊಡೆಯಲು 4 ಮಿಲಿಮೀಟರ್ ಅಂತರದ ಹಲ್ಲುಗಳಿರುವ ಚಿಸೆಲ್. ತುದಿ ಮೊಂಡಾದ ಎರಡು ಸೂಜಿ. ತುದಿ ಮೊಂಡೇ ಇರಬೇಕು, ಚೂಪಾಗಿದ್ದರೆ ತೂತಿನೊಳಗಿನ ದಾರವನ್ನೇ ಸೀಳುತ್ತದೆ. 0.8 ಮಿಲಿಮೀಟರ್ ದಪ್ಪದ, ಮೇಣ ಹಚ್ಚಿದ ಪಾಲಿಯೆಸ್ಟರ್ ದಾರ. ಪಾಕೀಟಿಗೆ 0.6 ಚೆಂದ ಕಾಣುತ್ತದೆ, ಆದರೆ ಕಲಿಯುವಾಗ ದಪ್ಪ ದಾರವೇ ವಾಸಿ, ತಪ್ಪು ಕಣ್ಣಿಗೆ ಬೀಳುತ್ತದೆ. ಚಾಕುವಿನ ಬದಲು ಕಾಕಾನಂತೆ ರಂಪಿಗೆ ಹಿಡಿಯಲು ನೋಡಿದೆ. ಹೆಬ್ಬೆರಳಿಗೆ ಎರಡು ಹೊಲಿಗೆ ಬಿದ್ದ ಮೇಲೆ ಬ್ಲೇಡ್ ಬದಲಿಸುವ ಕಟರ್‌ಗೇ ವಾಪಸ್ ಬಂದೆ.

ತೊಗಲು ಆರಿಸುವುದು ಇನ್ನೊಂದು ಪಾಠ. ಮಾರುಕಟ್ಟೆಯಲ್ಲಿ ಸಿಗುವುದರಲ್ಲಿ ಜಾಸ್ತಿ ಕ್ರೋಮ್ ಉಪ್ಪಿನಿಂದ ಹದ ಮಾಡಿದ್ದು. ಮೆತ್ತಗೆ, ಬಣ್ಣ ಬಣ್ಣ, ಜಾಕೆಟ್ಟಿಗೆ ಒಳ್ಳೆಯದು. ಆದರೆ ಅಂಚನ್ನು ಎಷ್ಟು ಉಜ್ಜಿದರೂ ಹೊಳಪು ಬರುವುದಿಲ್ಲ, ಅಚ್ಚು ಒತ್ತಿದರೆ ನಿಲ್ಲುವುದಿಲ್ಲ. ನನಗೆ ಬೇಕಾದದ್ದು ಜಾಲಿ ತೊಗಟೆ, ತಂಗಡಿ ತೊಗಟೆ, ಅಳಲೆಕಾಯಿ ಇಂಥವುಗಳ ಚೊಗರಿನಲ್ಲಿ ವಾರಗಟ್ಟಲೆ ನೆನೆದು ಹದವಾದ ತೊಗಲು. ಅಥಣಿ, ನಿಪ್ಪಾಣಿ ಕಡೆ ಮಾಡುವ ಕೊಲ್ಹಾಪುರಿ ಚಪ್ಪಲಿಗೂ ಇದೇ ಬಗೆಯ ತೊಗಲು. (ಹೆಸರು ಕೊಲ್ಹಾಪುರಿ ಆದರೂ 2019ರಲ್ಲಿ ಸಿಕ್ಕ ಜಿಐ, ಅಂದರೆ ಭೌಗೋಳಿಕ ಗುರುತಿನ ಮಾನ್ಯತೆಯಲ್ಲಿ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳೂ ಇವೆ. ಇದನ್ನು ಹೇಳದಿದ್ದರೆ ನಮ್ಮ ಕಡೆಯವರಿಗೆ ಸಮಾಧಾನವಿಲ್ಲ.) ಒಂದು ಮದುವೆಗೆ ಚೆನ್ನೈಗೆ ಹೋದಾಗ ಪೆರಿಯಮೇಟ್‌ಗೆ ಹೋಗಿ ತಂದೆ. ಸೆಂಟ್ರಲ್ ಸ್ಟೇಷನ್ನಿನಿಂದ ನಡೆದೇ ಹೋಗಬಹುದು. ಅಲ್ಲಿ ಚರ್ಮದ ಅಂಗಡಿಗಳದ್ದೇ ಸಾಲು. ಚದರ ಅಡಿ ಲೆಕ್ಕದಲ್ಲಿ ಮಾರುತ್ತಾರೆ. ಒಂದು ಹನಿ ನೀರು ಬಿಟ್ಟು ನೋಡಿ: ಬಣ್ಣ ಹಚ್ಚದ ಚೊಗರು ತೊಗಲಾದರೆ ಬೇಗ ಹೀರಿಕೊಂಡು ಆ ಜಾಗ ಕಪ್ಪಗಾಗುತ್ತದೆ. ಹೊಟ್ಟೆಯ ಭಾಗ ಅಗ್ಗಕ್ಕೆ ಸಿಗುತ್ತದೆ ಅಂತ ಬೆಲ್ಟಿಗೆ ತರಬೇಡಿ, ಹಿಗ್ಗುತ್ತದೆ. ಬೆನ್ನಿನ ಭಾಗವೇ ಆಗಬೇಕು.

ಆ ತೊಗಲಿನ ಮೇಲೆ ನಾನು ಮಾಡಿದ ಅನಾಹುತ ಕೇಳಿ. ಅಕ್ಷರದ ಅಚ್ಚು ಒತ್ತಲು ಅದನ್ನು ಸ್ಪಂಜಿನಿಂದ ಒದ್ದೆ ಮಾಡಿದ್ದೆ. ಅಂಚು ಮೇಲೇಳದಿರಲಿ ಅಂತ ಅಟ್ಟದಲ್ಲಿದ್ದ ಹಳೆಯ ಕಬ್ಬಿಣದ ಒಂದು ಕೆ.ಜಿ. ತೂಕದ ಕಲ್ಲನ್ನು ಮೇಲಿಟ್ಟು ಊಟಕ್ಕೆ ಹೋದೆ. ಬಂದು ಎತ್ತಿದರೆ ಆರು ಮೂಲೆಯ ಕಪ್ಪು ಮುದ್ರೆ! ಎಷ್ಟು ತಿಕ್ಕಿದರೂ ಹೋಗಲಿಲ್ಲ. ಕಾಕಾನಿಗೆ ತೋರಿಸಿದಾಗ ನಕ್ಕರು. ಚೊಗರು ಮತ್ತು ಕಬ್ಬಿಣ ಸೇರಿದರೆ ಆಗುವುದು ಮಸಿ. ಹಿಂದೆ ಬರೆಯುವ ಮಸಿಯನ್ನೂ ಅಳಲೆಕಾಯಿಗೆ ಅನ್ನಭೇದಿ ಅನ್ನುವ ಕಬ್ಬಿಣದ ಉಪ್ಪು ಸೇರಿಸಿ ಮಾಡುತ್ತಿದ್ದರು, ಅಲ್ವಾ? ನಾನು ಕೂತಲ್ಲೇ ಅದನ್ನು ತಯಾರಿಸಿದ್ದೆ. ನಿಂಬೆರಸ ಹಚ್ಚಿದರೆ ಕಲೆ ಸ್ವಲ್ಪ ತಿಳಿಯಾಗುತ್ತದೆ, ಅದೂ ಹಸಿಯಿದ್ದಾಗ. ನನ್ನದು ಆಗಲೇ ಒಣಗಿತ್ತು. ಆ ತುಂಡನ್ನು ಕತ್ತರಿಸಿ ಕನ್ನಡಕದ ಚೀಲದ ಒಳಭಾಗಕ್ಕೆ ಹಾಕಿದೆ. ಅದು ಈಗಲೂ ನನ್ನ ಮೇಜಿನ ಮೇಲಿದೆ.

ಇನ್ನು ಹೊಲಿಗೆ. ಎರಡೂ ತುಂಡುಗಳಿಗೆ ಅಂಟಿಸುವ ಸೊಲ್ಯೂಷನ್ ಹಚ್ಚಿ, ಹತ್ತು ನಿಮಿಷ ಬಿಟ್ಟು, ಬೆರಳಿಗೆ ಅಂಟುವುದು ನಿಂತ ಮೇಲೆ ಒತ್ತುತ್ತೇನೆ. ನಯವಾದ ಮೈಗೆ ಹಚ್ಚುವುದಾದರೆ ಅಲ್ಲಿ ಮೊದಲು ಗೀರಿ ಒರಟು ಮಾಡಿಕೊಳ್ಳಬೇಕು, ಇಲ್ಲದಿದ್ದರೆ ಹಿಡಿಯುವುದಿಲ್ಲ. ಅಂಚಿನಿಂದ 3 ಮಿಲಿಮೀಟರ್ ಒಳಗೆ ಗೆರೆ ಎಳೆದು ಅದರ ಮೇಲೆ ಚಿಸೆಲ್ ಇಟ್ಟು ಹೊಡೆಯುತ್ತೇನೆ. ಮೊದಲ ಹಲ್ಲನ್ನು ಹಿಂದಿನ ಕೊನೆಯ ತೂತಿನಲ್ಲೇ ಕೂರಿಸಿದರೆ ಅಂತರ ತಪ್ಪುವುದಿಲ್ಲ. ಕೆಳಗೆ ಪ್ಲಾಸ್ಟಿಕ್ ಹಲಗೆ, ಅದರ ಕೆಳಗೆ ಅಡುಗೆಕಟ್ಟೆ ಮಾಡಿಸುವಾಗ ಉಳಿದ ಗ್ರಾನೈಟ್ ತುಂಡು. ಗ್ರಾನೈಟ್ ಬಂದ ಮೇಲೆ ಒಂದೇ ಏಟಿಗೆ ಕೆಲಸ ಮುಗಿಯುತ್ತದೆ. ಅದಕ್ಕೂ ಮೊದಲು ಮೇಜು ಕುಣಿದು ಕೆಳಗಿನ ಮನೆಯವರು ಮೇಲೆ ಬಂದಿದ್ದರು.

ದಾರ ಹೊಲಿಯುವ ಉದ್ದದ ನಾಲ್ಕು ಪಟ್ಟು ತೆಗೆದುಕೊಳ್ಳಿ. 20 ಸೆಂಟಿಮೀಟರ್ ಹೊಲಿಗೆಗೆ 80, ಜೊತೆಗೆ ಸೂಜಿಗೆ ಒಂದು ಗೇಣು. ಕಂಜೂಸಿ ಮಾಡಿದರೆ ಕೊನೆಯ ಮೂರು ತೂತಿನಲ್ಲಿ ಅಳಬೇಕಾಗುತ್ತದೆ. ಮೊದಲ ತೂತಿನಲ್ಲಿ ದಾರ ತೂರಿಸಿ ಎರಡೂ ಕಡೆ ಸಮ ಮಾಡಿಕೊಳ್ಳುತ್ತೇನೆ. ಆಮೇಲೆ ಎಡಗೈ ಸೂಜಿ ಮೊದಲು. ಅದು ಬಲಕ್ಕೆ ಬಂದ ಕೂಡಲೇ ಬಲಗೈ ಸೂಜಿಯನ್ನು ಅದೇ ತೂತಿಗೆ, ಮೊದಲ ದಾರದ ಹಿಂಬದಿಯಿಂದ. ಆ ಹೊತ್ತಿಗೆ ಮೊದಲ ದಾರವನ್ನು ಸ್ವಲ್ಪ ಎಳೆದು ಹಿಡಿಯಬೇಕು, ಇಲ್ಲದಿದ್ದರೆ ಸೂಜಿ ಅದನ್ನೇ ಚುಚ್ಚುತ್ತದೆ. ಎರಡನ್ನೂ ಎಳೆ. ಮುಂದಿನ ತೂತು.

ಇದರಲ್ಲಿ ಯಾವ ಕೈ ಮೊದಲು ಅನ್ನುವುದು ಮುಖ್ಯವಲ್ಲ, ಪ್ರತಿಸಲವೂ ಅದೇ ಕೈ ಮೊದಲಾಗುವುದು ಮುಖ್ಯ. ಇದು ತಿಳಿಯಲು ನನಗೆ ನಾಲ್ಕು ಪಾಕೀಟು ಬೇಕಾಯಿತು. ಚಿಸೆಲ್‌ನ ತೂತು ಓರೆಯಾಗಿರುತ್ತದೆ. ಕ್ರಮ ತಪ್ಪದಿದ್ದರೆ ಹೊಲಿಗೆಗಳೆಲ್ಲ ಭತ್ತದ ಕಾಳು ಸಾಲಾಗಿ ಬಾಗಿದ ಹಾಗೆ ಬೀಳುತ್ತವೆ. ಒಂದೇ ಒಂದು ಕಡೆ ಕೈ ಅದಲುಬದಲಾದರೆ ಆ ಒಂದು ಕಾಳು ಮಾತ್ರ ಸಪಾಟಾಗಿ ಮಲಗಿಬಿಡುತ್ತದೆ. ಫೋನ್ ಬಂದಾಗ ಎಲ್ಲಿ ಎದ್ದೆ ಅನ್ನುವುದನ್ನು ನನ್ನ ಹಳೆಯ ಪಾಕೀಟುಗಳ ಮೇಲೆ ಈಗಲೂ ತೋರಿಸಬಲ್ಲೆ. ನಾನು ದಾರವನ್ನು ಜಗ್ಗಿ ಜಗ್ಗಿ ಬಿಗಿಯುವುದನ್ನು ನೋಡಿ ಕಾಕಾ ಒಮ್ಮೆ, "ಜಗ್ಗಬ್ಯಾಡ್ರಿ, ಕೂಡಸ್ರಿ" ಅಂದಿದ್ದರು. ಸಿಟ್ಟಿನಿಂದ ಎಳೆದರೆ ತೆಳು ತೊಗಲು ನೆರಿಗೆ ಬೀಳುತ್ತದೆ. ಎರಡೂ ಕೈಯ ಎಳೆತ ಸಮವಿದ್ದು ದಾರ ಮೈಗೆ ಕೂತರೆ ಸಾಕು. ಕೊನೆಗೆ ಎರಡು ಹೊಲಿಗೆ ಹಿಂದಕ್ಕೆ ಬಂದು, ದಾರ ಕತ್ತರಿಸಿ, ಲೈಟರಿನಿಂದ ತುದಿ ಕರಗಿಸಿ ಒತ್ತಿದರೆ ಮುಗಿಯಿತು. ಅಂಚಿಗೆ ಮರಳು ಕಾಗದ, ನೀರು, ಮರದ ತುಂಡಿನಿಂದ ಉಜ್ಜಾಟ, ಮೇಲೆ ಜೇನುಮೇಣ.

ಮಶೀನ್ ಬೇಡವೇ ಬೇಡ ಅಂತಲ್ಲ. ಬ್ಯಾಗಿನ ನಾಲ್ಕು ಅಡಿ ಪಟ್ಟಿಯನ್ನು ಕೈಯಲ್ಲಿ ಹೊಲಿದವನಿಗೆ ಅದರ ಆಸೆ ಹುಟ್ಟಿಯೇ ಹುಟ್ಟುತ್ತದೆ. ಆದರೆ ಚರ್ಮಕ್ಕೆ ಬೇಕಾದದ್ದು ಪಾದ, ಸೂಜಿ, ಹಲ್ಲು ಮೂರೂ ಒಟ್ಟಿಗೆ ನಡೆಯುವ ವಾಕಿಂಗ್ ಫುಟ್ ಮಶೀನು. ಮೇಜು, ಮೋಟರ್ ಸೇರಿ ಒಬ್ಬ ಆಳು ಎತ್ತಲಾರ. ಕೊಂಡರೆ ಸರ್ವೋ ಮೋಟರಿನದ್ದೇ ಕೊಳ್ಳಿ, ನಿಧಾನಕ್ಕೆ ಒಂದೊಂದೇ ಹೊಲಿಗೆ ಹಾಕಲು ಬರುತ್ತದೆ. ಹಳೆಯ ಕ್ಲಚ್ ಮೋಟರು ಒತ್ತಿದರೆ ಓಡಿಯೇ ಬಿಡುತ್ತದೆ. ನಾನಂತೂ ಕೊಳ್ಳಲಿಲ್ಲ. ಉದ್ದ ಪಟ್ಟಿಗಳನ್ನು ಕಾರಿನ ಸೀಟ್ ಕವರ್ ಹೊಲಿಯುವ ಅಂಗಡಿಗೆ ಕೊಡುತ್ತೇನೆ. ಅವರ ಹತ್ತಿರ ಆ ಮಶೀನು ಇರುತ್ತದೆ, ಬಿಡುವಿದ್ದಾಗ ಐದು ನಿಮಿಷದಲ್ಲಿ ಓಡಿಸಿ ಕೊಡುತ್ತಾರೆ.

ಮನೆಯಲ್ಲಿ ಮೊದಲು ಗಲಾಟೆ ಆಯಿತು. ಅಜ್ಜಿ ಆ ತೊಗಲಿನ ಸುರುಳಿಯನ್ನು ನಡುಮನೆಗೆ ತರಬೇಡ ಅಂದಳು. ವಾಸನೆ ಅಂದಳು, ಆದರೆ ಅದು ವಾಸನೆಯ ಮಾತಲ್ಲ ಅಂತ ಇಬ್ಬರಿಗೂ ಗೊತ್ತಿತ್ತು. ಭಾನುವಾರ ಕೂತು ಪಾಕೀಟು ಹೊಲಿದರೆ ಆಫೀಸಿನಲ್ಲಿ ನನ್ನನ್ನು ಕಲಾವಿದ ಅನ್ನುತ್ತಾರೆ. ಅದೇ ಆಫೀಸಿನವರು ಕಾಕಾನ ಮುಂದೆ ಚಪ್ಪಲಿಯನ್ನು ಕಾಲಿನಿಂದಲೇ ತಳ್ಳುವುದನ್ನು ನೋಡಿದ್ದೇನೆ. ವಚನಕಾರ ಮಾದಾರ ಚೆನ್ನಯ್ಯನ ಅಂಕಿತದಲ್ಲೇ ಕೈಯುಳಿ, ಕತ್ತಿ, ಅಡಿಗೂಂಟ ಇವೆ. ಶಾಲೆಯಲ್ಲಿ ಅದನ್ನು ಓದುವಾಗ ಅವು ಯಾರ ಕೈಯಲ್ಲಿರುವ ಸಾಮಾನು ಅಂತ ನಮಗೆ ಯಾರೂ ತೋರಿಸಲಿಲ್ಲ, ಕಾಕಾ ಓಣಿಯ ತಿರುವಿನಲ್ಲೇ ಕೂತಿದ್ದರೂ.

ಕಳೆದ ದೀಪಾವಳಿಗೆ ಅಪ್ಪನಿಗೆ ಬೆಲ್ಟ್ ಮಾಡಿದೆ. ಮೂರೂವರೆ ಮಿಲಿಮೀಟರ್ ದಪ್ಪದ ತೊಗಲು, ಒಂದೂವರೆ ಇಂಚು ಅಗಲ. ಬಕಲ್ ಹತ್ತಿರ ಮಡಚುವ ಜಾಗವನ್ನು ಒಳಗಿನಿಂದ ಅರ್ಧ ದಪ್ಪಕ್ಕೆ ಸವರಿ ಹೊಲಿದೆ. ಅಪ್ಪ ಸೊರಗಿದ್ದಾರೆ, ಇನ್ನೊಂದು ತೂತು ಬೇಕು ಅಂತ ನನಗೆ ಹೇಳದೆ ಕಾಕಾನ ಹತ್ತಿರವೇ ಹೋದರಂತೆ. ಸಂಜೆ ನಾನು ಆ ದಾರಿಯಲ್ಲಿ ಬರುವಾಗ ಕಾಕಾ ಕರೆದರು.

"ನಿಮ್ಮ ಕೈ ಹೊಲಿಗೀನ ಅಲ್ರೀ ಅದು? ಮುಂದ ಚಲೋ ಬಂದೈತಿ."

ನಾನು ಹಿಗ್ಗಿದೆ.

"ಹಿಂದ ನೋಡಿಲ್ಲ ನೀವು" ಅಂದರು.

ಮನೆಗೆ ಬಂದು ಬೆಲ್ಟ್ ತಿರುಗಿಸಿದೆ. ಹಿಂಬದಿಯಲ್ಲಿ ತೂತುಗಳ ಸಾಲು ಅಂಚಿನ ಕಡೆಗೆ ಜಾರಿಕೊಂಡು ಹೋಗಿತ್ತು. ಮಡಚಿದ ದಪ್ಪ ಜಾಗದಲ್ಲಿ ಚಿಸೆಲನ್ನು ನೆಟ್ಟಗೆ ಹಿಡಿದಿರಲಿಲ್ಲ. ಈಗ ದಪ್ಪ ತೊಗಲಿಗೆ ಚಿಸೆಲಿನಿಂದ ಬರೀ ಗುರುತು ಹಾಕಿಕೊಂಡು, ಆರಿಯಿಂದ ಒಂದೊಂದೇ ತೂತು ಚುಚ್ಚುವುದನ್ನು ಕಲಿಯುತ್ತಿದ್ದೇನೆ. ಆರಿ ಕಾಕಾ ಕೊಟ್ಟದ್ದು. ನನಗೆ ಇನ್ನೂ ಹತ್ತರಲ್ಲಿ ಮೂರು ತೂತು ಓರೆಯೇ.