ಲೋವರ್ ಆರ್ಮ್ ತುಕ್ಕಿಗೆ ನನ್ನ ಮದ್ದು: ಹೊರಗೆ ಎಪಾಕ್ಸಿ, ಒಳಗೆ ಮೇಣ

ಬಳಿದು ಮೂರು ವರ್ಷ ದಾಟಿದ ಲೋವರ್ ಆರ್ಮ್ (ಗಾಡಿಯ ಅಡಿಯಲ್ಲಿ ಚಕ್ರವನ್ನು ಹಿಡಿದಿಡುವ ಸಸ್ಪೆನ್ಷನ್ನಿನ ಉಕ್ಕಿನ ತೋಳು) ಮೊನ್ನೆ ಬಿಚ್ಚಿ ನೋಡಿದೆ. ಕಲ್ಲು ಬಡಿದ ಮೂರ್ನಾಲ್ಕು ಚುಕ್ಕೆ ಬಿಟ್ಟರೆ ತುಕ್ಕಿಲ್ಲ. ‘ಮೇಣ ಒಂದು ಬೇಸಿಗೆಗೇ ಸೋರಿಹೋಗುತ್ತೆ’ ಅಂದವರು ಒಮ್ಮೆ ಬಂದು ನೋಡಬಹುದು.

ಮೊದಲು ದುಡ್ಡು ನೀರಿಗೆ ಹಾಕಿದ ಲೆಕ್ಕ. ರಬ್ಬರ್ ಬೆರೆತ ಕಪ್ಪು ಅಂಡರ್‌ಕೋಟಿಂಗ್ ದಪ್ಪಗೆ ಹೊಡೆದಿದ್ದೆ. ಒಂದೂವರೆ ವರ್ಷಕ್ಕೆ ಉಗುರಿಗೇ ಸಿಪ್ಪೆಯಂತೆ ಎದ್ದು ಬಂತು, ಅಡಿಯಲ್ಲಿ ಒದ್ದೆ ಕಂದು ಪುಡಿ. ಅಂಚಿನಲ್ಲಿ ನುಸುಳಿದ ನೀರು ಅಲ್ಲೇ ಉಳಿದುಬಿಟ್ಟಿತ್ತು. ಆಮೇಲೆ ಪೌಡರ್ ಕೋಟಿಂಗ್, ಅಂದರೆ ಪುಡಿ ಬಣ್ಣ ಸಿಂಪಡಿಸಿ ಓವನ್‌ನಲ್ಲಿ ಬೇಯಿಸುವುದು. ಓವನ್ ಶಾಖ 180–200 ಡಿಗ್ರಿ ಸೆಲ್ಸಿಯಸ್; ಬುಷ್ (ಆರ್ಮ್ ತಿರುಗುವ ಕಡೆ ಕೂರುವ ರಬ್ಬರ್ ಮೆತ್ತೆ) ತೆಗೆಯದೆ ಕೊಟ್ಟದ್ದು ನನ್ನದೇ ತಪ್ಪು, ಶಾಖಕ್ಕೆ ಹಾಳಾಯಿತು. ಹೊಸ ಬುಷ್, ಬಾಲ್ ಜಾಯಿಂಟ್ (ಚಕ್ರದ ಕಡೆಯ ಗುಂಡು ಕೀಲು), ಅವನ್ನು ಒತ್ತಿ ಕೂರಿಸುವ ಪ್ರೆಸ್ ಕೂಲಿ ಸೇರಿ ಕೋಟಿಂಗ್ ಖರ್ಚಿನ ಸುಮಾರು ಮೂರು ಪಟ್ಟು ಕೈಬಿಟ್ಟಿತು.

ತುಕ್ಕು ತೆಗೆಯುವಾಗ ವೈರ್ ಕಪ್ (ಗ್ರೈಂಡರ್‌ಗೆ ಹಾಕುವ ತಂತಿ ಬ್ರಷ್) ಮೋಸ ಮಾಡುತ್ತದೆ: ಗುಂಡಿಯೊಳಗಿನ ತುಕ್ಕಿಗೆ ಪಾಲಿಶ್ ಹಿಡಿಸಿ ಲೋಹದಂತೆ ಹೊಳೆಸುತ್ತದೆ. ನಾನು ಸೋಡಾ ನೀರಿಗೆ ಇಳಿಸುತ್ತೇನೆ. 20 ಲೀಟರಿಗೆ ನಾಲ್ಕೈದು ಚಮಚ ವಾಷಿಂಗ್ ಸೋಡಾ, 12 ವೋಲ್ಟ್, ಆರ್ಮ್ ಮೈನಸ್‌ಗೆ, ಹಳೇ ಕಬ್ಬಿಣದ ಸರಳು ಪ್ಲಸ್‌ಗೆ, ಒಂದು ರಾತ್ರಿ, ಬಯಲಲ್ಲಿ. ಸ್ಟೇನ್‌ಲೆಸ್ ಸರಳು ಬೇಡ, ವಿಷಕಾರಿ ಕ್ರೋಮಿಯಂ ನೀರಿಗೆ ಬಿಡುತ್ತದೆ. ಕಾಯಿಲ್ ಸ್ಪ್ರಿಂಗ್ ಇದರಲ್ಲಿ ಅದ್ದಲೇಬೇಡಿ, ಆಸಿಡ್‌ನಲ್ಲೂ ಬೇಡ. ಅಲ್ಲಿ ಹುಟ್ಟುವ ಹೈಡ್ರೋಜನ್ ಒಳಹೊಕ್ಕರೆ ಗಟ್ಟಿ ಉಕ್ಕು ಮುಂದೊಂದು ದಿನ ಪಟ್ಟನೆ ಮುರಿಯುತ್ತದೆ. ಹೊರಬಂದ ಆರ್ಮ್ ತೊಳೆದು, ಒಣಗಿಸಿ, ತಡಮಾಡದೆ 80 ನಂಬರ್ ಎಮೆರಿ ಹಾಕಿ, ಥಿನ್ನರ್ ಬಟ್ಟೆಯಲ್ಲಿ ಒರೆಸಬೇಕು.

ಬಣ್ಣ ಸೋಲುವುದು ಅಂಚಿನಲ್ಲಿ. ಚೂಪು ಅಂಚಿನಿಂದ ಬಣ್ಣ ಜಾರಿ ತೆಳುವಾಗುತ್ತದೆ. ಹಾಗಾಗಿ ಫೈಲ್‌ನಿಂದ ಅಂಚು ಉರುಟು ಮಾಡಿ, ಅಂಚು ಮತ್ತು ವೆಲ್ಡಿಗೆ ಮೊದಲು ಬ್ರಷ್‌ನಲ್ಲಿ ಟು-ಪ್ಯಾಕ್ ಎಪಾಕ್ಸಿ (ಹಾರ್ಡನರ್ ಬೆರೆಸಿ ಗಟ್ಟಿಯಾಗಿಸುವ ಬಣ್ಣ) ಹಚ್ಚುತ್ತೇನೆ. ನಂತರ ಸ್ಪ್ರೇ ಗನ್‌ನಲ್ಲಿ ಎರಡು ಕೋಟ್, ಒಂದೊಂದೂ 60–70 ಮೈಕ್ರಾನ್ ದಪ್ಪ ಇರಬಹುದು. ಎರಡನೆಯದು ಡಬ್ಬಿಯ ಮೇಲೆ ಬರೆದ ಗಡುವಿನೊಳಗೆ. ಮೀರಿದರೆ ಮತ್ತೆ ಉಜ್ಜಬೇಕು. ಹಾರ್ಡನರ್ ಬೆರೆಸಿದ್ದು ಉಳಿದರೆ ಕಲ್ಲಾಗುತ್ತದೆ, ಅದಕ್ಕೇ ಬಳಿಯಬೇಕಾದ ನಾಲ್ಕು ಬಿಡಿಭಾಗ ಒಟ್ಟಿಗೆ ಸಿದ್ಧ ಮಾಡಿಟ್ಟುಕೊಳ್ಳಿ.

ನಡುವೆ ಒಂದು ಪ್ರಯೋಗ: ರಸ್ಟ್ ಕನ್ವರ್ಟರ್ (ತುಕ್ಕನ್ನು ಗಟ್ಟಿ ಪದರವಾಗಿಸುವ ದ್ರವ) ಮೇಲೆ ಜಿಂಕ್, ಅಂದರೆ ಸತುವಿನ, ಪ್ರೈಮರ್. ದಂಡ. ಸತು ಉಕ್ಕಿಗೆ ನೇರವಾಗಿ ತಾಗಿದರೆ ಮಾತ್ರ ತಾನು ಸವೆದು ಉಕ್ಕನ್ನು ಉಳಿಸುತ್ತದೆ. ನಡುವೆ ಪದರ ಬಂದರೆ ಅದೂ ಬರೀ ಬೂದು ಬಣ್ಣ.

ಬಾಲ್ ಜಾಯಿಂಟ್ ಟೇಪರ್ (ಅದು ಕೂರುವ ಓರೆ ಮೈ), ಬುಷ್ ಕೂರುವ ರಂಧ್ರ, ಬೋಲ್ಟ್ ಒತ್ತುವ ಮುಖ, ಥ್ರೆಡ್ ಎಲ್ಲಕ್ಕೂ ಟೇಪ್ ಸುತ್ತಿ. ಬೋಲ್ಟ್ ಅಡಿಯ ದಪ್ಪ ಬಣ್ಣ ದಿನ ಕಳೆದಂತೆ ಕುಸಿದು ಬೋಲ್ಟಿನ ಬಿಗಿತ ಬಿಟ್ಟುಕೊಡುತ್ತದೆ.

ಒಂದು ವಾರ ಬಿಟ್ಟು ಒಳಗಿನ ಮೇಣ (ಟೊಳ್ಳಿನೊಳಗೆ ಹೊಡೆಯುವ ಕ್ಯಾವಿಟಿ ವ್ಯಾಕ್ಸ್). ಎರಡು ತಗಡು ಸೇರಿದ ಆರ್ಮ್ ಒಳಗಿನಿಂದಲೇ ಕೊಳೆಯುವುದು. ಆರ್ಮ್ ಬೆಚ್ಚಗೆ ಮಾಡಿ, ಸುತ್ತಲೂ ಚಿಮ್ಮುವ ನಳಿಗೆಯನ್ನು ಕೊನೆಯವರೆಗೆ ತೂರಿಸಿ, ಹಿಂದಕ್ಕೆ ಎಳೆಯುತ್ತಾ ಹೊಡೆಯಿರಿ. ತಗಡುಗಳು ಸೇರುವ ಸಂದುಗಳಿಂದ ಮೇಣ ಜಿನುಗಿದರೆ ಸಾಕು. ನಾನು ಕ್ಯಾವಿಟಿ ವ್ಯಾಕ್ಸ್‌ಗೆ ಇನ್ನೊಂದನ್ನು ಬೆರೆಸುತ್ತೇನೆ, ಅದರ ಅಳತೆ ನನ್ನ ಹತ್ತಿರವೇ ಇರಲಿ. ರಬ್ಬರ್ ಬುಷ್‌ಗೆ ಪೆಟ್ರೋಲಿಯಂ ಎಣ್ಣೆ ತಾಗಬಾರದು, ಉಬ್ಬುತ್ತದೆ. ಮಾರನೇ ದಿನ ನೀರು ಹರಿಯುವ ತೂತುಗಳಿಗೆಲ್ಲ ತಂತಿ ಹಾಕಿ ನೋಡಿ. ಅವು ಮುಚ್ಚಿದರೆ ಆರ್ಮ್ ನೀರಿನ ತೊಟ್ಟಿ.